ಸೇನೆಯ ಬಾಗಿಲಿಗೆ ಚಿಲಕ ಹಾಕಿದ ಒಂದು ಸಾಲು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)



ಹೋದ ವಾರ ಊರಿಗೆ ಹೋಗಿದ್ದೆ. ನಮ್ಮೂರು ಭದ್ರಾವತಿ, ಅದ್ರಲ್ಲೂ ಓಲ್ಡ್ ಟೌನ್. ಗೊತ್ತಿಲ್ಲದವರಿಗೆ ಹೇಳ್ತೀನಿ: ನಮ್ಮೂರನ್ನ ಭದ್ರಾ ಹೊಳೆ ಎರಡು ಮಾಡಿದೆ. ಒಂದು ಕಡೆ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇರೋ ನಮ್ಮ ಹಳೇ ಪೇಟೆ. ಇನ್ನೊಂದು ಕಡೆ ಕಾರ್ಖಾನೆ ಬಂದ್ಮೇಲೆ ಬೆಳೆದ ನ್ಯೂಟೌನ್. ನಮ್ಮಜ್ಜ ವಿಐಎಸ್‌ಎಲ್‌ನಲ್ಲಿ ಇದ್ರು. ಅವರ ಕಾಲದಲ್ಲಿ ಹುಡುಗ ಹತ್ತನೇ ಕ್ಲಾಸು ಮುಗಿಸಿದ್ರೆ ಸಾಕು, ಒಂದೋ ಕಬ್ಬಿಣದ ಕಾರ್ಖಾನೆ, ಇಲ್ಲಾ ಎಂಪಿಎಂ ಕಾಗದದ ಕಾರ್ಖಾನೆ. ಎಂಪಿಎಂ ನಿಂತು ಎಷ್ಟೋ ವರ್ಷ ಆಯ್ತು. ವಿಐಎಸ್‌ಎಲ್ ಮುಚ್ತೀವಿ ಅನ್ನೋ ನಿರ್ಧಾರ 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದಿದ್ದು ನಿಮಗೂ ನೆನಪಿರಬಹುದು. ಹಾಗಾಗಿ ನಮ್ಮ ಕೇರಿ ಹುಡುಗ್ರು ಬೆಳಿಗ್ಗೆ ಐದಕ್ಕೆ ಎದ್ದು ಓಡ್ತಾರೆ. ಆರೋಗ್ಯಕ್ಕಲ್ಲ, ಮಿಲಿಟರಿಗೆ.

ಪಕ್ಕದ ಮನೆ ಹುಡುಗಿ ಸೆಕೆಂಡ್ ಪಿಯುಸಿ. ಸಂಜೆ ಫೋನ್ ಹಿಡ್ಕೊಂಡು ಬಂದ್ಲು. "ಅಕ್ಕ, ಅಗ್ನಿವೀರ್‌ದು ಇಷ್ಟೊಂದು ಪೋಸ್ಟ್ ಇದ್ಯಲ್ಲ, ಇದ್ರಲ್ಲಿ ನಾನು ಯಾವ್ದಕ್ಕೆ ಹಾಕ್ಲಿ?"

ನೋಡಿದೆ. ಜನರಲ್ ಡ್ಯೂಟಿ, ಟೆಕ್ನಿಕಲ್, ಕ್ಲರ್ಕ್, ಟ್ರೇಡ್ಸ್‌ಮನ್, ಅದರಲ್ಲೂ ಹತ್ತನೇ ಕ್ಲಾಸಿನವರಿಗೆ ಬೇರೆ, ಎಂಟನೇ ಕ್ಲಾಸಿನವರಿಗೆ ಬೇರೆ. ಕೊನೆಗೆ ಒಂದು ಸಾಲು: ಮಹಿಳಾ ಮಿಲಿಟರಿ ಪೊಲೀಸ್. "ನಿಂಗೆ ಇದೊಂದೇ ಕಣೆ" ಅಂದೆ. "ಯಾಕೆ?" ಅಂದ್ಲು.

ಈ 'ಯಾಕೆ'ಗೆ ನನ್ನ ಹತ್ರ ಆಗ ಸರಿಯಾದ ಉತ್ತರ ಇರಲಿಲ್ಲ. ನಾಚಿಕೆ ಆಯ್ತು. ಯಾಕಂದ್ರೆ 2019ರಲ್ಲಿ ಇದೇ ಸಾಲಿಗೆ ನಾನೇ ಅರ್ಜಿ ಹಾಕಿದ್ದೆ.

ಆ ವರ್ಷವೇ ಮೊದಲ ಸಲ ಭೂಸೇನೆಯಲ್ಲಿ ಹೆಣ್ಣುಮಕ್ಕಳನ್ನ ಜವಾನ್ ಮಟ್ಟದಲ್ಲಿ ತಗೊಳ್ತೀವಿ ಅಂದ್ರು. ಆಫೀಸರ್ ಅಲ್ಲ, ಸೈನಿಕರು. ಏಪ್ರಿಲ್‌ನಲ್ಲಿ ಆನ್‌ಲೈನ್ ಅರ್ಜಿ ಶುರುವಾಯ್ತು. ಇಡೀ ದೇಶಕ್ಕೆ 100 ಹುದ್ದೆ. ನನಗೆ ಆಗ ಇಪ್ಪತ್ತು. ನನ್ನ ತಮ್ಮನಿಗೆ ಹದಿನೆಂಟು. ಇಬ್ಬರೂ ಒಟ್ಟಿಗೆ ಹೊಳೆ ದಾಟಿ ನ್ಯೂಟೌನ್ ಕಡೆ ಓಡ್ತಿದ್ವಿ. 1.6 ಕಿಲೋಮೀಟರ್ ಅಂದ್ರೆ 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಹುಡುಗರು ಪೂರ್ತಿ ಅಂಕ ತಗೋಬೇಕು ಅಂದ್ರೆ ಐದೂವರೆ ನಿಮಿಷ. ಹುಡುಗಿಯರಿಗೆ ಏಳೂವರೆ. ಅಷ್ಟರಲ್ಲಿ ಮುಗಿಸದಿದ್ರೆ ಎಂಟು ನಿಮಿಷದೊಳಗೆ, ಅಂಕ ಕಮ್ಮಿ. ಆಮೇಲೆ ಹತ್ತು ಅಡಿ ಉದ್ದ ಜಿಗಿತ, ಮೂರು ಅಡಿ ಎತ್ತರ ಜಿಗಿತ. ನನ್ನ ಓಟ ಏಳು ನಿಮಿಷದ ಆಸುಪಾಸು ಬರ್ತಿತ್ತು. ಮಳೆಗಾಲದಲ್ಲೂ ಬಿಟ್ಟಿರಲಿಲ್ಲ.

ಆಗಸ್ಟ್ ಮೊದಲ ವಾರ ಬೆಳಗಾವಿಯಲ್ಲಿ ರ‍್ಯಾಲಿ ನಡೀತು. ನನ್ನ ಹೆಸರು ಶಾರ್ಟ್‌ಲಿಸ್ಟ್‌ನಲ್ಲಿ ಬರಲಿಲ್ಲ. ಹತ್ತನೇ ಕ್ಲಾಸಿನ ಮಾರ್ಕ್ಸ್ ನೋಡಿ ಆರಿಸಿದ್ರು, ನಂದು ಸಾಲಲಿಲ್ಲ. ಅದು ನ್ಯಾಯವೇ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ನನಗಿಂತ ಮಾರ್ಕ್ಸ್ ಕಮ್ಮಿ ಇದ್ದ ತಮ್ಮನಿಗೆ ಜನರಲ್ ಡ್ಯೂಟಿ ಅಂತ ಇನ್ನೊಂದು ಬಾಗಿಲಿತ್ತು, ಟ್ರೇಡ್ಸ್‌ಮನ್ ಅಂತ ಮತ್ತೊಂದು. ಅವನು ಪಾಸಾದ. ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದಾನೆ. ಅವನನ್ನ ಟ್ರೈನಿಗೆ ಹತ್ತಿಸೋಕೆ ಹೋದಾಗ ಅಮ್ಮ ಅತ್ರು. ನಾನೂ ಅತ್ತೆ. ನಾನು ಅತ್ತಿದ್ದು ಅವನು ಹೋಗ್ತಾನೆ ಅಂತ ಮಾತ್ರ ಅಲ್ಲ.

ಆ ಮೊದಲ ಬ್ಯಾಚಿನ 83 ಹುಡುಗಿಯರು 2021ರ ಮೇ 8ಕ್ಕೆ ಬೆಂಗಳೂರಿನ ಮಿಲಿಟರಿ ಪೊಲೀಸ್ ತರಬೇತಿ ಕೇಂದ್ರದಿಂದ ಹೊರಬಂದ್ರು. ಅದರ ವಿಡಿಯೋ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

ಸರಿ, ಈಗ ಅವಳ 'ಯಾಕೆ'ಗೆ ಬರೋಣ. ಉತ್ತರ ಹುಡುಕ್ತಾ ಹೋದ್ರೆ ಅದು ಸೇನೆಯ ಯಾವುದೋ ಹಳೇ ಪದ್ಧತಿಯಲ್ಲಿ ಇಲ್ಲ. ಕಾನೂನಿನ ಪುಸ್ತಕದಲ್ಲೇ ಇದೆ. ಸೇನಾ ಕಾಯ್ದೆ, 1950. ಅದರ ಸೆಕ್ಷನ್ 12. ಕನ್ನಡದಲ್ಲಿ ಅದರ ಸಾರ ಹೇಳ್ತೀನಿ: ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಹೆಸರಿಸಿದ ವಿಭಾಗಗಳನ್ನು ಬಿಟ್ಟು, ಯಾವ ಹೆಣ್ಣೂ ಸೇನೆಗೆ ಸೇರೋಕೆ ಅರ್ಹಳಲ್ಲ. ನೌಕಾಪಡೆಯ 1957ರ ಕಾಯ್ದೆಯಲ್ಲೂ, ಸೆಕ್ಷನ್ 9ರಲ್ಲಿ, ಹೆಚ್ಚುಕಮ್ಮಿ ಇದೇ ಮಾತು.

ಇನ್ನೊಂದು ಸಲ ಗಮನಿಸಿ. 'ಇಂಥಿಂಥ ಕೆಲಸಕ್ಕೆ ಹೆಣ್ಣುಮಕ್ಕಳು ಬೇಡ' ಅಂತ ಬರೆದಿಲ್ಲ. 'ಬೇಡ' ಅಂತ ಮೊದಲೇ ಬರೆದು, 'ನಾವು ಹೇಳಿದ ಕಡೆ ಮಾತ್ರ ಬರಬಹುದು' ಅಂದಿದೆ. ಬಾಗಿಲು ಮುಚ್ಚಿರೋದೇ ನಿಯಮ, ತೆಗೆಯೋದು ವಿನಾಯಿತಿ. ಹಾಗಾಗಿ ಬಾಗಿಲು ಯಾಕೆ ಮುಚ್ಚಿದೀರಿ ಅಂತ ಯಾರೂ ಸರ್ಕಾರವನ್ನ ಕೇಳಬೇಕಾಗಿಲ್ಲ. ಯಾಕೆ ತೆಗೀಬೇಕು ಅಂತ ಹುಡುಗಿಯೇ ಸಾಬೀತು ಮಾಡಬೇಕು, ಒಂದೊಂದೇ ಬಾಗಿಲಿಗೆ, ಒಂದೊಂದೇ ಕೇಸು ಹಾಕ್ಕೊಂಡು.

ಹಾಗೇ ಆಗಿದೆ ಕೂಡ. 1992ರಲ್ಲಿ ಮೊದಲ ಅಧಿಸೂಚನೆ ಬಂತು. ಅಂಚೆ, ಕಾನೂನು, ಶಿಕ್ಷಣ, ಸರಬರಾಜು, ಇಂಥ ಕೆಲವು ವಿಭಾಗಗಳಲ್ಲಿ ಮಹಿಳಾ ಆಫೀಸರ್‌ಗಳು, ಅದೂ ಐದು ವರ್ಷದ ಮಟ್ಟಿಗೆ. ವೈದ್ಯರು, ನರ್ಸ್‌ಗಳು ಅದಕ್ಕೂ ಮುಂಚೆಯೇ ಇದ್ರು. ಆಮೇಲೆ ಐದು ವರ್ಷ ಹತ್ತಾಯ್ತು, ಹದಿನಾಲ್ಕಾಯ್ತು, ಆದ್ರೆ ಶಾಶ್ವತ ಕಮಿಷನ್, ಅಂದ್ರೆ ನಿವೃತ್ತಿವರೆಗೂ ಇರೋ ಹಕ್ಕು, ಎಲ್ಲರಿಗೂ ಸಿಗಲಿಲ್ಲ. ಅದಕ್ಕಾಗಿ ನಡೆದ ಕೇಸು ಬಬಿತಾ ಪೂನಿಯಾ ಪ್ರಕರಣ. 2020ರ ಫೆಬ್ರವರಿ 17ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಕೊಡ್ತು: ಶಾಶ್ವತ ಕಮಿಷನ್ ಕೊಡಿ, ಕಮಾಂಡ್ ಹುದ್ದೆಗಳಿಗೂ ಪರಿಗಣಿಸಿ ಅಂತ.

ಆ ಕೇಸಿನಲ್ಲಿ ಸರ್ಕಾರ ಕೊಟ್ಟ ಕಾರಣಗಳಲ್ಲಿ ಒಂದು ನನ್ನನ್ನ ಇವತ್ತಿಗೂ ಕೆಣಕುತ್ತೆ. ಬಸಿರು, ಬಾಣಂತನ, ಸಂಸಾರ ಅಂತೆಲ್ಲ ಹೇಳಿದ್ರು, ಅದು ಗೊತ್ತಿದ್ದದ್ದೇ. ಜೊತೆಗೆ ಇನ್ನೊಂದು ಹೇಳಿದ್ರು: ನಮ್ಮ ಸೈನಿಕರು ಹೆಚ್ಚಿನವರು ಹಳ್ಳಿಗಾಡಿನ ಗಂಡಸರು, ಹೆಣ್ಣಿನ ಆದೇಶ ಪಾಲಿಸೋಕೆ ಅವರ ಮನಸ್ಸು ಇನ್ನೂ ತಯಾರಾಗಿಲ್ಲ ಅಂತ.

ಹಳ್ಳಿಗಾಡಿನ ಗಂಡಸರು ಅಂದ್ರೆ ಯಾರು? ನನ್ನ ತಮ್ಮ. ನಿಮ್ಮ ಅಣ್ಣ. ಹೊಳೆಹೊನ್ನೂರು ರಸ್ತೆಯಲ್ಲಿ ಕತ್ತಲಲ್ಲಿ ಓಡ್ತಾರಲ್ಲ, ಆ ಹುಡುಗ್ರು. ದೆಹಲಿಯಲ್ಲಿ ಕೂತವರು ಹೆಣ್ಣುಮಕ್ಕಳನ್ನ ಹೊರಗಿಡೋಕೆ ಇವರ ಹೆಸರು ಬಳಸಿದ್ರು. ತಮ್ಮನಿಗೆ ಫೋನ್ ಮಾಡಿ ಕೇಳಿದೆ, "ಲೋ, ಹೆಂಗಸು ಆಫೀಸರ್ ಆಗಿ ಬಂದ್ರೆ ನೀನು ಮಾತು ಕೇಳಲ್ವಂತೆ, ಹೌದಾ?" ಅವನು ನಕ್ಕ. "ಅಕ್ಕ, ಬೆಳಿಗ್ಗೆ ಐದಕ್ಕೆ ಮುಖಕ್ಕೆ ನೀರು ಸುರಿದು ಎಬ್ಬಿಸ್ತಿದ್ದೋಳು ನೀನು. ನಿನ್ನ ಮಾತು ಕೇಳಿದ್ದಕ್ಕೇ ನಾನಿಲ್ಲಿದೀನಿ" ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದ: "ಆದ್ರೆ ಎಲ್ಲರೂ ಹಂಗೇ ಅಂತ ಹೇಳಲ್ಲ ಮತ್ತೆ. ನಮ್ಮಲ್ಲೂ ಗೊಣಗೋರು ಇದ್ದಾರೆ." ಇರ್ತಾರೆ. ಗೊಣಗೋರಿಗೆ ತರಬೇತಿ ಕೊಡಿ ಅನ್ನೋದು ಬಿಟ್ಟು, ಅವರು ಗೊಣಗ್ತಾರೆ ಅಂತ ಇವರನ್ನ ಮನೇಲಿ ಕೂರಿಸೋದು ಯಾವ ಊರಿನ ನ್ಯಾಯ? ಕೋರ್ಟ್ ಕೂಡ ಈ ವಾದಗಳನ್ನ ಒಪ್ಪಲಿಲ್ಲ. ಇವು ಹೆಣ್ಣಿನ ಬಗ್ಗೆ ಇರೋ ಹಳೇ ಕಲ್ಪನೆಗಳು ಅಂತ ತಳ್ಳಿಹಾಕಿತು.

ಗೆದ್ದಾಯ್ತು ಅಂದ್ಕೊಂಡ್ರೆ ಇನ್ನೊಂದು ತಿರುವು. ಶಾಶ್ವತ ಕಮಿಷನ್‌ಗೆ ಮೆಡಿಕಲ್ ಪರೀಕ್ಷೆ ಇಟ್ರು. ಎಲ್ಲರಿಗೂ ಒಂದೇ ಮಾನದಂಡ. ಕೇಳೋಕೆ ಸರಿಯಾಗಿದೆ, ಅಲ್ವಾ? ಆದ್ರೆ ಗಂಡಸು ಆಫೀಸರ್‌ಗೆ ಆ ಪರೀಕ್ಷೆ ಆಗಿದ್ದು ಇಪ್ಪತ್ತೈದು–ಮೂವತ್ತರ ವಯಸ್ಸಿನಲ್ಲಿ. ಹೆಂಗಸರಿಗೆ ಆಗ ಅವಕಾಶವನ್ನೇ ಕೊಟ್ಟಿರಲಿಲ್ಲ, ಈಗ ನಲವತ್ತು ದಾಟಿದ ಮೇಲೆ ಅದೇ ಅಳತೆಗೋಲು. 2021ರ ಮಾರ್ಚ್ 25ರ ನಿತಿಶಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಪರೋಕ್ಷ ತಾರತಮ್ಯ ಅಂತ ಕರೀತು. ಈ ಪದ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಅದೇ ವರ್ಷ ಆಗಸ್ಟ್‌ನಲ್ಲಿ ಎನ್‌ಡಿಎ ಪರೀಕ್ಷೆ ಬರೆಯೋಕೆ ಹುಡುಗಿಯರಿಗೆ ಅವಕಾಶ ಕೊಡಿ ಅಂತ ಮಧ್ಯಂತರ ಆದೇಶ ಬಂತು. ಎನ್‌ಡಿಎಯಿಂದ ಮೊದಲ 17 ಹುಡುಗಿಯರು ಹೊರಬಂದಿದ್ದು 2025ರ ಮೇ 30ಕ್ಕೆ. ಇಲ್ಲಿ ನಮ್ಮ ರಾಜ್ಯದ ಒಂದು ಸಂಗತಿ ಹೇಳಲೇಬೇಕು. ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಲ್ಲಿ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ ಶುರುವಾಗಿದ್ದು 1969ರಲ್ಲಿ. ಪರೇಡು, ಶಿಸ್ತು, ಯೂನಿಫಾರ್ಮು, ಎಲ್ಲ ಕಲಿಸಿದ್ರು. ಆದ್ರೆ ಆ ಶಾಲೆಯಲ್ಲಿ ಕಲಿತ ಹುಡುಗಿ ಪಿಯುಸಿ ಮುಗಿಸಿ ಎನ್‌ಡಿಎ ಪರೀಕ್ಷೆ ಬರೆಯೋಕೆ 2021ರವರೆಗೆ ಕಾಯಬೇಕಾಯ್ತು. ಐವತ್ತೆರಡು ವರ್ಷ! ಮೊದಲ ಬ್ಯಾಚಿನ ಹುಡುಗಿಗೆ ಅಷ್ಟೊತ್ತಿಗೆ ಮೊಮ್ಮಕ್ಕಳಾಗಿರಬೇಕು.

ಇನ್ನು ತೀರಾ ಇತ್ತೀಚಿನದು. ಸೇನೆಯ ಕಾನೂನು ವಿಭಾಗಕ್ಕೆ ಒಂಬತ್ತು ಹುದ್ದೆ ಕರೆದ್ರು. ಆರು ಗಂಡಸರಿಗೆ, ಮೂರು ಹೆಂಗಸರಿಗೆ. ಆಯ್ಕೆಯಾದ ಗಂಡಸರಲ್ಲಿ ಕೆಲವರಿಗಿಂತ ಹೆಚ್ಚು ಅಂಕ ಇದ್ರೂ ಹೆಣ್ಣುಮಕ್ಕಳು ಹೊರಗುಳಿದ್ರು. 2025ರ ಆಗಸ್ಟ್ 11ರಂದು ಅರ್ಶ್‌ನೂರ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಸೆಕ್ಷನ್ 12ರಡಿ ಒಂದು ವಿಭಾಗವನ್ನ ಮಹಿಳೆಯರಿಗೆ ತೆರೆದ ಮೇಲೆ, ಒಳಗೆ ಇಷ್ಟೇ ಜನ ಅಂತ ಮಿತಿ ಹಾಕೋ ಹಾಗಿಲ್ಲ.

ಒಳ್ಳೇ ತೀರ್ಪು. ಆದ್ರೆ ಸೂಕ್ಷ್ಮವಾಗಿ ನೋಡಿ. ತೆರೆದ ಬಾಗಿಲನ್ನ ಪೂರ್ತಿ ತೆರೆಯಿರಿ ಅಂತು. ಮುಚ್ಚಿದ ಬಾಗಿಲಿನ ಕಥೆ ಹಾಗೇ ಉಳೀತು. ಸೆಕ್ಷನ್ 12 ಇನ್ನೂ ಅಲ್ಲೇ ಇದೆ. ನಮ್ಮ ಪಕ್ಕದ ಮನೆ ಹುಡುಗಿ ಟೆಕ್ನಿಕಲ್‌ಗೆ ಅರ್ಜಿ ಹಾಕಬೇಕು ಅಂದ್ರೆ ಅವಳೂ ಒಂದು ಕೇಸು ಹಾಕಬೇಕಾ? ಓಲ್ಡ್ ಟೌನಿಂದ ಸುಪ್ರೀಂ ಕೋರ್ಟ್‌ಗೆ ಎಷ್ಟು ದೂರ ಗೊತ್ತಾ? ಅಷ್ಟರಲ್ಲಿ ಅವಳ ವಯಸ್ಸು ಮೀರಿರುತ್ತೆ.

ತಾರತಮ್ಯ ಅನ್ನೋದು ಸೇರುವಾಗ ಮಾತ್ರ ಇರಲ್ಲ. ಮಿಲಿಟರಿ ನರ್ಸಿಂಗ್ ಸೇವೆಯಲ್ಲಿದ್ದ ಸೆಲಿನಾ ಜಾನ್ ಅವರನ್ನ 1988ರಲ್ಲಿ ಕೆಲಸದಿಂದ ತೆಗೆದ್ರು. ಕಾರಣ, ಮದುವೆ ಆದ್ರು. ಅಷ್ಟೇ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 60 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತು. ಮೂವತ್ತಾರು ವರ್ಷದ ಮೇಲೆ.

ನಮ್ಮ ಹೈಕೋರ್ಟ್‌ನದ್ದೂ ಒಂದಿದೆ. ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಒಬ್ಬರು 2001ರ ಆಪರೇಷನ್ ಪರಾಕ್ರಮ್ ಸಮಯದಲ್ಲಿ ತೀರಿಕೊಂಡ್ರು. ಮಗಳಿಗೆ ಆಗ ಹತ್ತು ವರ್ಷ. ದೊಡ್ಡವಳಾಗಿ ಸಹಾಯಕ ಪ್ರಾಧ್ಯಾಪಕಿ ಹುದ್ದೆಗೆ ಮಾಜಿ ಸೈನಿಕರ ಕೋಟಾದಲ್ಲಿ ಅರ್ಜಿ ಹಾಕೋಕೆ ಅವಲಂಬಿತರ ಗುರುತಿನ ಚೀಟಿ ಕೇಳಿದ್ರು. ಮದುವೆ ಆಗಿದೆ, ಕೊಡಲ್ಲ ಅಂದ್ರು. ಮಗನಿಗೆ ಮದುವೆ ಆದ್ರೂ ಅವನು ಮಗನೇ, ಮಗಳಿಗೆ ಮದುವೆ ಆದ್ರೆ ಅವಳು ಹೊರಗಿನವಳು. 2023ರ ಜನವರಿ 2ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ನಿಯಮವನ್ನೇ ರದ್ದು ಮಾಡಿದ್ರು. 'ಎಕ್ಸ್ ಸರ್ವಿಸ್‌ಮೆನ್' ಅನ್ನೋ ಪದದಲ್ಲಿರೋ 'ಮೆನ್' ತೆಗೆದು, ಎಲ್ಲರನ್ನೂ ಒಳಗೊಳ್ಳೋ ಪದ ಇಡೋದರ ಬಗ್ಗೆ ಯೋಚಿಸಿ ಅಂತಲೂ ಹೇಳಿದ್ರು. ನಮ್ಮಮ್ಮನಿಗೆ ಈ ಕಥೆ ಹೇಳಿದಾಗ ಅವರು ಅಡಿಕೆ ಕತ್ತರಿಸ್ತಾ ಇದ್ರು, ಕತ್ತರಿ ನಿಂತೇ ಹೋಯ್ತು. "ಅಪ್ಪ ಸತ್ತಿದ್ದು ಮಗಳಿಗೂ ಅಲ್ವಾ" ಅಂದ್ರು.

ಹೆಣ್ಣು–ಗಂಡು ಅಷ್ಟೇ ಅಂತ ತಿಳ್ಕೋಬೇಡಿ. ರಾಷ್ಟ್ರಪತಿಗಳ ಅಂಗರಕ್ಷಕ ದಳಕ್ಕೆ ಮೂರೇ ಸಮುದಾಯದವರನ್ನ ತಗೊಳ್ಳೋ ಪದ್ಧತಿ ಬಗ್ಗೆ, ಅಂದ್ರೆ ಹಿಂದೂ ಜಾಟ್, ಹಿಂದೂ ರಜಪೂತ, ಜಾಟ್ ಸಿಖ್, ಕೋರ್ಟ್‌ಗಳಲ್ಲಿ ಅರ್ಜಿ ಬಿದ್ದಿದ್ವು. ದಳದ ಕೆಲಸಕ್ಕೆ ಎತ್ತರ, ಮೈಕಟ್ಟು ಒಂದೇ ಥರ ಬೇಕು ಅನ್ನೋದು ಸೇನೆಯ ಕಡೆಯ ಉತ್ತರ. ಎತ್ತರ ಬೇಕಾದ್ರೆ ಎತ್ತರ ಅಳೀರಿ, ಜಾತಿ ಯಾಕೆ ಕೇಳ್ತೀರಿ ಅಂತ ನನಗನ್ಸುತ್ತೆ. ಬದಲಾವಣೆ ಆಗಲ್ಲ ಅನ್ನೋರಿಗೆ ಒಂದು ನೆನಪು: ಕೊಡಗಿನ ಕಾರ್ಯಪ್ಪನವರು 1949ರಲ್ಲಿ ಗಾರ್ಡ್ಸ್ ರೆಜಿಮೆಂಟ್ ಕಟ್ಟಿದ್ರು. ಜಾತಿ–ಪ್ರಾಂತ್ಯ ಅಂತ ಬೇರೆ ಮಾಡದೆ ಎಲ್ಲಾ ಕಡೆಯವರೂ ಒಂದೇ ತುಕಡಿಯಲ್ಲಿ. ಸೇನೆ ಒಡೆದು ಹೋಗಲಿಲ್ಲ.

ಲಿಂಗ ಪರಿವರ್ತನೆ ಶಸ್ತ್ರಚಿಕಿತ್ಸೆ ಮಾಡಿಸ್ಕೊಂಡ ನಾವಿಕರೊಬ್ಬರನ್ನ 2017ರಲ್ಲಿ ನೌಕಾಪಡೆ ಮನೆಗೆ ಕಳಿಸ್ತು. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಕೆಲಸದಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟಿದೆ. ಅದೇ ವ್ಯಕ್ತಿ ಶಿವಮೊಗ್ಗದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಬಹುದು, ಸೇನೆಯಲ್ಲಿ ಗುಮಾಸ್ತರಾಗೋಕೆ ದಾರಿ ಇಲ್ಲ. ಇದಕ್ಕೇ ಒಂದು ಪೂರ್ತಿ ಸಂಚಿಕೆ ಬೇಕು, ಮಾಡ್ತೀನಿ.

ಹಾಗಾದ್ರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಇದು, ಒಪ್ಪದೇ ಇರೋರು ಇರ್ತೀರಿ. ಸೇನಾ ಸೇವೆಯಲ್ಲಿ ತಾರತಮ್ಯ ನಿಷೇಧಿಸೋ ಕಾಯ್ದೆ ಸಂಸತ್ತಿನಿಂದಲೇ ಬರಬೇಕು. ಸಂಸತ್ತಿನಿಂದಲೇ ಯಾಕೆ ಅಂದ್ರೆ, ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನ ಮಿತಗೊಳಿಸೋ ಅಧಿಕಾರ ಕೊಟ್ಟಿರೋದು ಸಂಸತ್ತಿಗೆ. ಸೆಕ್ಷನ್ 12ರ ಬಾಗಿಲನ್ನ ಉಳಿಸಿಕೊಂಡಿರೋದೂ ಅದೇ ಸಂಸತ್ತು. ಆ ಸಾಲನ್ನ ತಿರುಗಿಸಿ ಬರೀಬೇಕು: ಎಲ್ಲರೂ ಅರ್ಹರು. ಯಾರನ್ನಾದರೂ ಯಾವುದಾದರೂ ಕೆಲಸದಿಂದ ಹೊರಗಿಡಬೇಕಾದ್ರೆ, ಆ ಕೆಲಸ ಅವರಿಂದ ಯಾಕೆ ಆಗಲ್ಲ ಅಂತ ಸರ್ಕಾರ ಕಾರಣ ಬರೆದು ತೋರಿಸಬೇಕು. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ ಹೆಚ್ಚುಕಮ್ಮಿ ಹೀಗೇ ಇದೆ. ಅಲ್ಲೂ ಸೇನೆಗೆ ವಿನಾಯಿತಿ ಇದೆ, ಆದ್ರೆ ಯುದ್ಧ ಸಾಮರ್ಥ್ಯಕ್ಕೆ ಅದು ಬೇಕೇ ಬೇಕು ಅಂತ ಸಮರ್ಥಿಸ್ಕೋಬೇಕು. 2018ರ ಹೊತ್ತಿಗೆ ಅವರು ಸೇನೆಯ ಎಲ್ಲಾ ಕೆಲಸಗಳನ್ನೂ ಮಹಿಳೆಯರಿಗೆ ತೆರೆದ್ರು. ನಮ್ಮ ಸೇನೆಗೆ ನಿಯಮಗಳನ್ನ ಬರೆದುಕೊಟ್ಟು ಹೋದವರೇ ಅವರು, ಮತ್ತೆ!

ಅಂಥ ಮಸೂದೆ ಬರುತ್ತಾ? ಸುಳ್ಳು ಆಸೆ ಹುಟ್ಟಿಸಲ್ಲ. ತಾರತಮ್ಯದ ವಿರುದ್ಧ ಒಂದು ಸಮಗ್ರ ಕಾಯ್ದೆಗೆ ಅಂತ ಶಶಿ ತರೂರ್ ಖಾಸಗಿ ಸದಸ್ಯರ ಮಸೂದೆಯೊಂದನ್ನ ಲೋಕಸಭೆಯಲ್ಲಿ ಮಂಡಿಸಿದ್ರು. ಅದು ಕಾಯ್ದೆ ಆಗಲಿಲ್ಲ. ಸ್ವಾತಂತ್ರ್ಯ ಬಂದಾಗಿಂದ ಖಾಸಗಿ ಸದಸ್ಯರ ಮಸೂದೆಗಳಲ್ಲಿ ಕಾಯ್ದೆ ಆಗಿರೋದು 14 ಮಾತ್ರ, ಕೊನೆಯದು 1970ರಲ್ಲಿ. ಅಂದ್ರೆ ಸರ್ಕಾರವೇ ತರಬೇಕು. ನಿಮ್ಮ ಎಂಪಿ ವೋಟು ಕೇಳೋಕೆ ಬಂದಾಗ ಕೇಳೋ ಪ್ರಶ್ನೆ ಇದು.

ಇದಕ್ಕೆ ಎದುರು ವಾದ ಇದೆ, ಅದನ್ನ ನಾನು ಹಗುರವಾಗಿ ತಗೊಳ್ಳಲ್ಲ. ಸೇನೆ ಕಚೇರಿ ಅಲ್ಲ. ಬೆನ್ನಿಗೆ ಭಾರ ಹೊತ್ತು ಹಿಮದಲ್ಲಿ ಹತ್ತೋ ಕೆಲಸಕ್ಕೆ ಓಟ ಏಳೂವರೆ ನಿಮಿಷ ಸಾಕಾ ಅಂತ ತಮ್ಮನೇ ಕೇಳಿದ. ಸಾಲದೇ ಇರಬಹುದು. ಆ ಕೆಲಸಕ್ಕೆ ಐದೂವರೆ ನಿಮಿಷ ಬೇಕು ಅಂದ್ರೆ ಐದೂವರೆಯನ್ನೇ ಇಡಿ, ಎಲ್ಲರಿಗೂ. ನಾನು ಏಳರಲ್ಲಿ ಓಡ್ತಿದ್ದೆ, ನಾನು ಫೇಲ್. ಒಪ್ಕೊಂಡು ಮನೆಗೆ ಬರ್ತೀನಿ. ಆದ್ರೆ ಅಡುಗೆಗೆ, ಗುಮಾಸ್ತಿಕೆಗೆ, ರೇಡಿಯೋ ರಿಪೇರಿಗೆ? ಅಲ್ಲಿಗೂ ಅದೇ ಅಳತೆ ಇಟ್ರೆ, ಆಗ ಬರುತ್ತೆ ನೋಡಿ ಆ ಪದ, ಪರೋಕ್ಷ ತಾರತಮ್ಯ. ಕೆಲಸಕ್ಕೆ ಬೇಕಾದ ಅಳತೆಯಾ, ಜನರನ್ನ ಹೊರಗಿಡೋಕೆ ಇಟ್ಟ ಅಳತೆಯಾ ಅಂತ ಕೇಳೋ ಹಕ್ಕನ್ನ ಕಾಯ್ದೆ ಕೊಡಬೇಕು.

ಭದ್ರಾವತಿಯವರಿಗೆ ಇನ್ನೊಂದು. ನಮ್ಮೂರಲ್ಲೇ ಕ್ಷಿಪ್ರ ಕಾರ್ಯಪಡೆಯ ಬೆಟಾಲಿಯನ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಯ್ತಲ್ಲ, ಅದು ಸಿಆರ್‌ಪಿಎಫ್‌ಗೆ ಸೇರಿದ್ದು. ಗೃಹ ಇಲಾಖೆಯ ಅಡಿ ಬರುತ್ತೆ, ಸೇನಾ ಕಾಯ್ದೆ ಅದಕ್ಕೆ ಅನ್ವಯ ಆಗಲ್ಲ. ಆ ಸಿಆರ್‌ಪಿಎಫ್‌ನಲ್ಲಿ ಪೂರ್ತಿ ಮಹಿಳೆಯರದ್ದೇ ಬೆಟಾಲಿಯನ್ 1986ರಲ್ಲೇ ಹುಟ್ಟಿತ್ತು. ನಾನು ಹುಟ್ಟೋಕೂ ಎಷ್ಟೋ ಮುಂಚೆ. ಅವರೂ ಬಂದೂಕು ಹಿಡಿದೇ ಕೆಲಸ ಮಾಡ್ತಾರೆ, ಅವರ ಜೊತೆಗಾರರೂ ಹಳ್ಳಿಗಾಡಿನ ಗಂಡಸರೇ.

ಪಕ್ಕದ ಮನೆಯವಳಿಗೆ ಇದನ್ನೆಲ್ಲ ಹೇಳಿದೆ. ಅರ್ಧ ಕೇಳಿಸ್ಕೊಂಡ್ಲು, ಅರ್ಧ ಫೋನ್ ನೋಡ್ತಿದ್ಲು. ಕೊನೆಗೆ, "ಅಕ್ಕ, ಕಾಯ್ದೆ ಬರೋವರೆಗೆ ನಾನೇನು ಮಾಡ್ಲಿ ಅದು ಹೇಳು" ಅಂದ್ಲು. ಹೇಳಿದೆ: ಮಿಲಿಟರಿ ಪೊಲೀಸ್‌ಗೆ ಹಾಕು. ಮದುವೆ ಆಗಿರಬಾರದು ಅನ್ನೋ ಷರತ್ತಿದೆ, ನಿಮ್ಮನೇಲಿ ಯಾರಾದ್ರೂ ಜಾತಕ ತೆಗೆದ್ರೆ ನಂಗೆ ಫೋನ್ ಮಾಡು. ಅದರ ಜೊತೆ ಎನ್‌ಡಿಎ ಬರಿ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತೆ, ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕ ಇಲ್ಲ. ಕಷ್ಟದ ಪರೀಕ್ಷೆ, ಗಣಿತ ಗಟ್ಟಿ ಇರಬೇಕು. ನೌಕಾಪಡೆ, ವಾಯುಪಡೆಯ ಅಗ್ನಿವೀರ್‌ನಲ್ಲೂ ಹುಡುಗಿಯರನ್ನ ತಗೊಳ್ತಾರೆ, ಅದನ್ನೂ ನೋಡು.

ಮಾರನೇ ದಿನ ಬೆಳಿಗ್ಗೆ ಐದಕ್ಕೆ ಬಾಗಿಲು ಬಡಿದ ಸದ್ದು. ಎದ್ದು ನೋಡಿದ್ರೆ ಶೂ ಹಾಕ್ಕೊಂಡು ನಿಂತಿದ್ದಾಳೆ. ಸೇತುವೆ ಮೇಲೆ ಮಂಜು. ನಾನು ಎರಡನೇ ಸುತ್ತಿಗೇ ಸೊಂಟ ಹಿಡ್ಕೊಂಡು ಕೂತೆ, ಮೊಬೈಲ್‌ನಲ್ಲಿ ಟೈಮ್ ಹಿಡಿಯೋ ಕೆಲಸ ಮಾಡ್ದೆ. ನಾಲ್ಕನೇ ಸುತ್ತು ಮುಗಿಸಿ ಬಂದಾಗ ಏಳು ನಿಮಿಷ ನಲವತ್ತೊಂದು ಸೆಕೆಂಡ್. ಉಸಿರು ಸಿಕ್ಕಿದ ಕೂಡ್ಲೇ ಅವಳು ಕೇಳಿದ್ದು, "ಹುಡುಗ್ರಿಗೆ ಐದೂವರೆ ಅಲ್ವಾ ಅಕ್ಕ? ನಾಳೆಯಿಂದ ಅದನ್ನೇ ಇಟ್ಕೊಂಡು ಓಡ್ತೀನಿ."

ನಿಮ್ಮೂರಲ್ಲೂ ಇಂಥೋರು ಇದ್ರೆ ಈ ಸಂಚಿಕೆಯ ಲಿಂಕ್ ಕಳಿಸಿ. ಮುಂದಿನ ವಾರ ಸಿಗ್ತೀನಿ.